ನಿಂತ ಗಾಡಿ ಯಾಕೆ ಬೀಳುತ್ತದೆ, ಮಾಸ್ತರೇ?

ಪ್ರಶ್ನೆ: ನಾನು ಧಾರವಾಡದ ಒಂದು ಹೈಸ್ಕೂಲಿನಲ್ಲಿ ಗಣಿತ ಮಾಸ್ತರ. ವಯಸ್ಸು 43, ಎತ್ತರ 5 ಅಡಿ 5 ಇಂಚು. 14 ವರ್ಷ ಸ್ಪ್ಲೆಂಡರ್ ಓಡಿಸಿದ್ದೇನೆ, ಒಮ್ಮೆಯೂ ಬಿದ್ದವನಲ್ಲ. ಈ ದೀಪಾವಳಿಗೆ ಆಸೆಪಟ್ಟು ರಾಯಲ್ ಎನ್‌ಫೀಲ್ಡ್‌ನ ಕ್ಲಾಸಿಕ್ 350 ತಗೊಂಡೆ. ಎರಡು ತಿಂಗಳಲ್ಲಿ ಮೂರು ಸಲ ಕೆಡವಿದ್ದೇನೆ. ಮೊದಲನೇದು ಟಿಕಾರೆ ರಸ್ತೆಯಲ್ಲಿ. ಯು-ಟರ್ನ್ ಮಾಡುವಾಗ ಆಟೋ ಅಡ್ಡ ಬಂತು, ಬ್ರೇಕ್ ಹಿಡಿದೆ, ಬಿದ್ದೆ. ಎರಡನೇದು ನಮ್ಮ ಸಾಲಿ ಗೇಟಿನ ಮುಂದೆ ಏರಿನಲ್ಲಿ, ಹತ್ತನೇ ಕ್ಲಾಸಿನ ಹುಡುಗರೆಲ್ಲ ನೋಡುತ್ತಿದ್ದಾಗ. ಮೂರನೇದು ಮನೆ ಅಂಗಳದಲ್ಲೇ, ಅವ್ವ ಹಿಂದಿನಿಂದ ಇಳಿಯುವಾಗ. ಯಾರಿಗೂ ಪೆಟ್ಟಾಗಿಲ್ಲ, ಮರ್ಯಾದೆ ಮಾತ್ರ ಹೋಗಿದೆ. ಈ ಗಾಡಿ ನನ್ನ ಅಳತೆಯದ್ದಲ್ಲವೇ? ಸೀಟ್ ಇಳಿಸಲೇ, ಇಲ್ಲ ಮಾರಿ ಮತ್ತೆ ಸ್ಪ್ಲೆಂಡರ್‌ಗೇ ಹೋಗಲೇ?

ಉತ್ತರ: ಮಾರಬೇಡಿ ಮಾಸ್ತರೇ. ಸೀಟಿಗೂ ಈಗಲೇ ಕೈ ಹಚ್ಚಬೇಡಿ. ಮೂರೂ ಸಲ ನಿಮ್ಮ ಗಾಡಿ ಬಿದ್ದದ್ದು ನಿಲ್ಲುವ ಹೊತ್ತಿನಲ್ಲಿ, ಇಲ್ಲ ನಿಂತ ಮೇಲೆ. ಓಡಿಸುವುದು ನಿಮಗೆ ಚೆನ್ನಾಗಿಯೇ ಬರುತ್ತದೆ. ನಿಲ್ಲಿಸುವುದು ಮಾತ್ರ ಇನ್ನೂ ಸ್ಪ್ಲೆಂಡರ್ ಲೆಕ್ಕದಲ್ಲೇ ಉಳಿದಿದೆ.

ಹುಬ್ಬಳ್ಳಿಯಲ್ಲಿ ಗಾಡಿ ರಿಪೇರಿ ಮಾಡುತ್ತ, ಬಂದವರಿಗೆ ಓಡಿಸಲು ಕಲಿಸುತ್ತ ನನಗೆ 22 ವರ್ಷ ಆಯಿತು. ತುದಿ ಮುರಿದ ಕ್ಲಚ್ ಲಿವರ್ ಹಿಡಿದುಕೊಂಡು ಬರುವವರೆಲ್ಲ ಒಂದೇ ಕಥೆ ಹೇಳುತ್ತಾರೆ. "ಯಾರೋ ಪಾರ್ಕಿಂಗ್‌ನ್ಯಾಗ ಕೆಡವಿ ಹೋಗ್ಯಾರ್ರೀ." ನಾನು ಹೂಂ ಅನ್ನುತ್ತೇನೆ, ಲೆಗ್ ಗಾರ್ಡ್ ನೋಡುತ್ತೇನೆ. ಅದರ ಮೇಲೆ ಉದ್ದಕ್ಕೆ ಗೀರು ಎದ್ದಿದ್ದರೆ ಗಾಡಿ ಜಾರಿಕೊಂಡು ಹೋಗಿದೆ ಅಂತ ಅರ್ಥ. ಒಂದೇ ಕಡೆ ರೂಪಾಯಿ ಬಿಲ್ಲೆಯಷ್ಟು ಬಣ್ಣ ಹೋಗಿ, ಸುತ್ತ ಅರ್ಧಚಂದ್ರದ ಹಾಗೆ ಸಣ್ಣ ಗೀರು ಇದ್ದರೆ, ತಿರುಗುವಾಗ ಅಲ್ಲೇ ಮೆಲ್ಲಗೆ ಮಲಗಿದೆ ಅಂತ. ನಿಂತ ಗಾಡಿಯನ್ನು ಬೇರೆಯವರು ಕೆಡವಿದ್ದರೆ ಆ ಅರ್ಧಚಂದ್ರ ಬರುವುದಿಲ್ಲ. ನೀವು ಮುಚ್ಚಿಡದೆ ಬರೆದಿದ್ದೀರಿ, ಅಷ್ಟರಮಟ್ಟಿಗೆ ನನ್ನ ಗಿರಾಕಿಗಳಿಗಿಂತ ಮುಂದಿದ್ದೀರಿ.

ಮೊದಲು ತೂಕದ ಲೆಕ್ಕ ಮಾಡೋಣ, ನೀವು ಗಣಿತದವರು. ಸ್ಪ್ಲೆಂಡರ್ ಪ್ಲಸ್ 112 ಕೆಜಿ. ನಿಮ್ಮ ಕ್ಲಾಸಿಕ್ 195 ಕೆಜಿ. ಅದರ ಟ್ಯಾಂಕಿಗೆ 13 ಲೀಟರ್ ಹಿಡಿಯುತ್ತದೆ. ಫುಲ್ ಮಾಡಿಸಿದರೆ ಹತ್ತಿರ ಹತ್ತಿರ 10 ಕೆಜಿ ಪೆಟ್ರೋಲ್, ಅದೂ ಗಾಡಿಯ ಮೇಲ್ಭಾಗದಲ್ಲಿ. ನೆಟ್ಟಗೆ ನಿಂತಾಗ ಇದೆಲ್ಲ ಗೊತ್ತೇ ಆಗುವುದಿಲ್ಲ. ಒಂದು ಬೆರಳಲ್ಲಿ ಹಿಡಿಯಬಹುದು. ವಾಲಿದಾಗ ಕಥೆ ಬೇರೆ. ಭಾರದ ಕೇಂದ್ರ ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿದೆ, ನೀವು ಹ್ಯಾಂಡಲ್ ಹಿಡಿದದ್ದು ಒಂದು ಮೀಟರ್ ಎತ್ತರದಲ್ಲಿ ಅಂತ ಇಟ್ಟುಕೊಳ್ಳಿ. 5 ಡಿಗ್ರಿ ವಾಲಿದರೆ ಅದನ್ನು ತಡೆಯಲು ಎಂಟೂವರೆ ಕೆಜಿಯಷ್ಟು ಬಲ ಸಾಕು. 10 ಡಿಗ್ರಿಗೆ 17 ಕೆಜಿ. 20ಕ್ಕೆ 33. 30 ಡಿಗ್ರಿಗೆ ಸುಮಾರು 49 ಕೆಜಿ. ಇದು ಬರೀ ಗಾಡಿಯದ್ದು. ಮೇಲೆ ಕೂತ ನಿಮ್ಮ ತೂಕ, ಹಿಂದೆ ಕೂತ ಅವ್ವನ ತೂಕ ಇನ್ನೂ ಸೇರಬೇಕು. 10 ಡಿಗ್ರಿಯಲ್ಲಿ "ಹಿಡಿದೆ" ಅನ್ನಿಸುವುದು 20 ದಾಟಿದ ಕೂಡಲೇ ಕೈಬಿಟ್ಟು ಹೋಗುವುದು ಅದಕ್ಕೇ. ಸ್ಪ್ಲೆಂಡರ್‌ನಲ್ಲೂ ನೀವು ಹೀಗೇ ವಾಲುತ್ತಿದ್ದಿರಿ. 14 ವರ್ಷ ನಿಮ್ಮ ಎಡಗಾಲು ಸುಮ್ನೆ ತಡೆದುಕೊಂಡು, ತಪ್ಪನ್ನು ಮುಚ್ಚಿಹಾಕಿತ್ತು.

ಹಾಗಾದರೆ ಓಡುವ ಗಾಡಿ ಯಾಕೆ ಬೀಳುವುದಿಲ್ಲ? ಸ್ಲೋ ಸೈಕಲ್ ರೇಸ್ ನೆನಪು ಮಾಡಿಕೊಳ್ಳಿ. ಗಣಪತಿ ಹಬ್ಬಕ್ಕೋ, ರಾಜ್ಯೋತ್ಸವಕ್ಕೋ ಓಣಿಯಲ್ಲಿ ಇಡುತ್ತಾರಲ್ಲ, ಕೊನೆಗೆ ಬಂದವನೇ ಗೆದ್ದ ಅಂತ. ಜೋರಾಗಿ ಹೊಡೆಯುವ ಹುಡುಗರೆಲ್ಲ ಅಲ್ಲಿ ಹತ್ತು ಮಾರು ಹೋಗುವಷ್ಟರಲ್ಲಿ ಕಾಲು ಊರುತ್ತಾರೆ. ವೇಗದಲ್ಲಿರುವ ಗಾಡಿ ಒಂದು ಕಡೆ ವಾಲಿದರೆ ಹ್ಯಾಂಡಲ್ ತಾನೇ ಆ ಕಡೆ ಸ್ವಲ್ಪ ತಿರುಗಿ, ಗಾಲಿಗಳನ್ನು ಭಾರದ ಕೆಳಗೆ ತಂದು ನಿಲ್ಲಿಸುತ್ತದೆ. ನಡಿಗೆಯ ವೇಗಕ್ಕೆ ಇಳಿದರೆ ಆ ಉಪಕಾರ ನಿಂತುಹೋಗುತ್ತದೆ. ಆಗ ಹ್ಯಾಂಡಲ್, ಕ್ಲಚ್, ಹಿಂದಿನ ಬ್ರೇಕ್ ಎಲ್ಲ ಸೇರಿಸಿ ನೀವೇ ಆ ಕೆಲಸ ಮಾಡಬೇಕು. 80ರ ವೇಗದಲ್ಲಿ ಗದಗಿಗೆ ಹೋಗಿಬಂದವರು ಹುಬ್ಬಳ್ಳಿಯ ದುರ್ಗದಬೈಲಿನ ಸಂದಿಯಲ್ಲಿ ಒದ್ದಾಡುವುದು ಇದಕ್ಕೇ.

ಈಗ ಟಿಕಾರೆ ರಸ್ತೆಗೆ ಬರೋಣ. ಮೂರರಲ್ಲಿ ಇದೇ ಮುಖ್ಯ, ಇದೊಂದು ತಿದ್ದಿಕೊಂಡರೆ ಅರ್ಧ ಕೆಲಸ ಆದಂತೆ.

ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಹಿಡಿದಿರಿ. ಬೀಳಲು ಅಷ್ಟೇ ಸಾಕು. ಬಲಕ್ಕೆ ತಿರುಗಿದ ಮುಂದಿನ ಗಾಲಿ ನಿಂತುಬಿಟ್ಟಿತು. ಗಾಡಿಯ ಮೈ ಮಾತ್ರ ಇನ್ನೂ ಮುಂದೆ ಹೋಗಬೇಕು ಅನ್ನುತ್ತದೆ. ಮುಂದಿನ ಶಾಕ್ ಒತ್ತಿ ಕೂರುತ್ತದೆ, ಭಾರವೆಲ್ಲ ಅಡ್ಡ ನಿಂತ ಆ ಗಾಲಿಯ ಮೇಲೆ ಬಿದ್ದು ತಿರುವಿನ ಒಳಗಡೆಗೆ ಉರುಳುತ್ತದೆ. ಇದಕ್ಕೆ ಒಂದು ಸೆಕೆಂಡೂ ಬೇಡ. ನೀವು ಬಿದ್ದದ್ದು ಬಲಕ್ಕೇ ಅಲ್ವಾ?

ಇನ್ನೊಂದು ಸಂಗತಿ ಇದೆ. ನಿಮ್ಮ ಹಳೇ ಸ್ಪ್ಲೆಂಡರ್‌ನಲ್ಲಿ ಮುಂದೆ ಇದ್ದದ್ದು 130 ಮಿ.ಮೀ. ಡ್ರಮ್ ಬ್ರೇಕ್. ನಾಲ್ಕೂ ಬೆರಳು ಹಾಕಿ ಹಿಂಡಿದರೂ ಅದು "ನಿಲ್ಲೋಣ ತಡಿ" ಅನ್ನುತ್ತಿತ್ತು. ಈಗಿನದು 300 ಮಿ.ಮೀ. ಡಿಸ್ಕ್. ಕೈ ಮಾತ್ರ ಹಳೆಯದು, ಅದೇ ನಾಲ್ಕು ಬೆರಳಿನ ಹಿಂಡು. "ಎಬಿಎಸ್ ಐತಲ್ರೀ" ಅಂತ ಬಹಳ ಜನ ಕೇಳುತ್ತಾರೆ. ಎಬಿಎಸ್ ಗಾಲಿ ಲಾಕ್ ಆಗದಂತೆ ನೋಡಿಕೊಳ್ಳುತ್ತದೆ. ಗಾಡಿ ವಾಲದಂತೆ ಹಿಡಿಯುವುದು ಅದರ ಕೆಲಸವಲ್ಲ, ನಡಿಗೆಯ ವೇಗದಲ್ಲಂತೂ ಅದನ್ನು ನಂಬಲೇಬೇಡಿ.

ಯು-ಟರ್ನ್‌ಗೆ ಫಸ್ಟ್ ಗಿಯರ್‌ನಲ್ಲೇ ಇಳಿಯಿರಿ. ಸೆಕೆಂಡ್‌ನಲ್ಲಿ ಹೋದರೆ ಅರ್ಧ ತಿರುವಿನಲ್ಲಿ ಎಂಜಿನ್ ಆಫ್ ಆಗುತ್ತದೆ, ಅದೂ ಬೀಳುವುದಕ್ಕೆ ಒಂದು ದಾರಿಯೇ. ಎಕ್ಸಲೇಟರ್ ಒಂದೇ ಸಮ ಸ್ವಲ್ಪ ಕೊಟ್ಟಿರಿ, ಹಾಫ್ ಕ್ಲಚ್‌ನಲ್ಲಿ ಎಳೆತ ಹಿಡಿದುಕೊಳ್ಳಿ, ವೇಗ ಜಾಸ್ತಿ ಅನ್ನಿಸಿದರೆ ಹಿಂದಿನ ಬ್ರೇಕನ್ನು ಕಾಲಲ್ಲಿ ಮೆಲ್ಲಗೆ ಒತ್ತಿ. ಬಲಗೈ ಬೆರಳುಗಳು ಮುಂದಿನ ಬ್ರೇಕ್ ಲಿವರ್ ಮೇಲೆ ಇರಲೇಬಾರದು. ಇದ್ದರೆ ಹಿಂಡುತ್ತವೆ. ಗಾಡಿ ಒಳಗಡೆಗೆ ವಾಲಲಿ, ನಿಮ್ಮ ಮೈ ಸ್ವಲ್ಪ ಹೊರಗಡೆಗಿರಲಿ. ಕಣ್ಣು, ನೀವು ಹೋಗಬೇಕಾದ ಜಾಗದ ಕಡೆ. ಬಹಳ ಜನ ಮುಂದಿನ ಮಡ್‌ಗಾರ್ಡ್ ನೋಡುತ್ತಾರೆ, ಅಲ್ಲಿಗೇ ಹೋಗಿ ಬೀಳುತ್ತಾರೆ. ಒಂದು ವಿಷಯ ಮರೆಯಬೇಡಿ, ಎರಡು ಗಾಲಿಗಳ ನಡುವಿನ ಅಂತರ ಸ್ಪ್ಲೆಂಡರ್‌ನಲ್ಲಿ 1236 ಮಿ.ಮೀ., ಕ್ಲಾಸಿಕ್‌ನಲ್ಲಿ 1390. ಹಳೇ ಜಾಗದಲ್ಲಿ ಇದು ತಿರುಗುವುದಿಲ್ಲ. ತಿರುಗದಿದ್ದರೆ ನಿಲ್ಲಿಸಿ, ಕಾಲೂರಿ, ಹಿಂದೆ ತಳ್ಳಿ ತಿರುಗಿಸಿ. ನಾನೂ ಹಾಗೇ ಮಾಡುತ್ತೇನೆ, ನಾಚಿಕೆ ಏನಿಲ್ಲ.

ಆಟೋ ಅಡ್ಡ ಬಂದರೆ? ಬರುತ್ತದೆ, ಟಿಕಾರೆ ರಸ್ತೆಯಲ್ಲಿ ಬರದಿದ್ದರೆ ಆಶ್ಚರ್ಯ. ಕ್ಲಚ್ ಪೂರ್ತಿ ಹಿಡಿಯಿರಿ, ಹ್ಯಾಂಡಲ್ ನೆಟ್ಟಗೆ ಮಾಡಿ, ಆಮೇಲೆ ಬ್ರೇಕ್. ಈ ಕ್ರಮ ಕೈಗೆ ಬರಬೇಕು. ತಲೆಗೆ ಬಂದರೆ ಸಾಲದು.

ಸಾಲಿ ಗೇಟಿನದು ಬೇರೆ ಥರದ್ದು. ನೀವು ಬರೆದಿಲ್ಲ, ಆದರೂ ಹೇಳುತ್ತೇನೆ: ಎಡಕ್ಕೆ ಬಿದ್ದಿರಬೇಕು. ರಸ್ತೆ ನಡುವೆ ಉಬ್ಬಿ ಎರಡೂ ಅಂಚಿನ ಕಡೆ ಇಳಿಜಾರಾಗಿರುತ್ತದೆ, ನೀರು ಗಟಾರಕ್ಕೆ ಹೋಗಲಿ ಅಂತ. ನಾವು ಎಡ ಅಂಚಿಗೆ ಬಂದು ನಿಲ್ಲುತ್ತೇವೆ, ಎಡಗಾಲೇ ಕೆಳಗೆ ಇಡುತ್ತೇವೆ. ಅಂದರೆ ಕಾಲು ಇಡುವ ಜಾಗ ಯಾವಾಗಲೂ ಗಾಲಿಗಿಂತ ತಗ್ಗು. ಗಾಡಿಯಿಂದ 35 ಸೆಂ.ಮೀ. ಆಚೆ ಕಾಲಿಟ್ಟಿರಿ, ಅಲ್ಲಿ ನೆಲ 5 ಸೆಂ.ಮೀ. ತಗ್ಗಿದೆ ಅನ್ನಿ. ಕಾಲು ನೆಲ ಮುಟ್ಟುವಷ್ಟರಲ್ಲಿ ಗಾಡಿ 8 ಡಿಗ್ರಿ ವಾಲಿ ಆಗಿರುತ್ತದೆ. ಮೇಲಿನ ಲೆಕ್ಕಕ್ಕೆ ಹಾಕಿ ನೋಡಿ. ಅದರ ಮೇಲೆ ಉಸುಕು ಬೇರೆ ಬಿದ್ದಿದ್ದರೆ ಮುಗಿಯಿತು.

ಧಾರವಾಡದಲ್ಲಿ ಸಪಾಟು ಜಾಗ ಹುಡುಕುವುದೇ ಕಷ್ಟ. ಮಾಳಮಡ್ಡಿ ಓಣಿಯ ಹೆಸರಲ್ಲೇ ಮಡ್ಡಿ, ಅಂದರೆ ದಿಬ್ಬ, ಇದೆ. ಏರಿನಲ್ಲಿ ಗಾಡಿ ಹಿಂದೆ ಜಾರದಂತೆ ಹಿಡಿಯಲು ಬಲಗಾಲು ಬ್ರೇಕ್ ಮೇಲೆ ಇರಬೇಕು, ಕೆಳಗೆ ಇಡಲು ಇರುವುದು ಎಡಗಾಲೊಂದೇ. ಕಾಲು ಬದಲಿಸಲು ಆಗುವುದಿಲ್ಲ ಅಂದಮೇಲೆ ಜಾಗ ಬದಲಿಸಿ. ಅಂಚಿಗಿಂತ ಒಂದು ಮಾರು ಒಳಗೆ ನಿಲ್ಲಿ. ಹತ್ತು ಮೀಟರ್ ಮುಂಚೆಯೇ ಎಡಗಾಲು ಎಲ್ಲಿ ಇಡುತ್ತೇನೆ ಅಂತ ನೋಡಿಕೊಳ್ಳಿ: ಉಸುಕು, ಕಡಿ, ಗಟಾರದ ಕಬ್ಬಿಣದ ಜಾಳಿಗೆ, ಬಿಳಿ ಪಟ್ಟೆ, ತಗ್ಗು. ಸ್ಪ್ಲೆಂಡರ್‌ನವರು ನಿಂತ ಮೇಲೆ ಕಾಲಿಗೆ ಜಾಗ ಹುಡುಕುತ್ತಾರೆ. ಭಾರದ ಗಾಡಿಯವರು ಕಾಲಿಗೆ ಜಾಗ ಹುಡುಕಿ ಆಮೇಲೆ ನಿಲ್ಲುತ್ತಾರೆ.

ಇದನ್ನು ನನಗೆ ಕಲಿಸಿದ್ದು ಅಣ್ಣಿಗೇರಿಯ ಕಡಲೆ. ಗದಗಿನಿಂದ ಬರುತ್ತಿದ್ದೆ, ಸುಗ್ಗಿ ಕಾಲ. ರಸ್ತೆಯ ಅರ್ಧಕ್ಕೆ ಕಡಲೆ ಗಿಡ ಹರಡಿದ್ದರು, ಗಾಡಿಗಳು ಹಾದು ಹೋದರೆ ಕಾಳು ಬಿಚ್ಚಲಿ ಅಂತ. ನಾನು ನಿಧಾನ ಮಾಡಿ, ಫೋನ್ ಬಂತೆಂದು ಅಂಚಿಗೆ ನಿಂತೆ. ನೆಲ ನೋಡಲಿಲ್ಲ. ಬೂಟಿನ ಕೆಳಗೆ ಕಾಳು ಗೋಲಿಗಳ ಹಾಗೆ ಉರುಳಿದವು. ಕಾಲು ಹೊರಗೆ ಹೊರಗೆ ಹೋಗುತ್ತಲೇ ಇತ್ತು, ಗಾಡಿ ಅದರ ಹಿಂದೆ. ಗಾಡಿ ಓಡಿಸಲು ಕಲಿಸುವವನು ರಾಶಿಯ ಮೇಲೆ ಅಂಗಾತ. ಬಾಜೂಕೆ ಕೂತಿದ್ದ ಅಜ್ಜ ಎದ್ದು ಬಂದು, ಗಾಡಿ ಎತ್ತಲು ಒಂದು ಕೈ ಹಾಕಿ, "ಕಾಳ ಬಿಡಿಸಿದ್ದಕ್ಕ ಕೂಲಿ ಕೊಡ್ಬೇಕೇನ್ರಿ ಸಾಹೇಬ್ರ?" ಅಂದ. ಇವತ್ತಿಗೂ ಅಲ್ಲಿ ಹಾಯುವಾಗ ನನ್ನ ಕಣ್ಣು ನೆಲಕ್ಕೇ ಹೋಗುತ್ತದೆ.

ಅವ್ವನ ವಿಷಯಕ್ಕೆ ಬರುತ್ತೇನೆ. ಅವರು ಎಡಕ್ಕೆ ಎರಡೂ ಕಾಲು ಹಾಕಿ ಕೂರುತ್ತಾರೆ, ಇಳಿಯುವಾಗ ಫುಟ್‌ರೆಸ್ಟ್ ಮೇಲೆ ನಿಂತು ಇಳಿಯುತ್ತಾರೆ. 60 ಕೆಜಿ ತೂಕದವರು ಗಾಡಿಯ ನಡುಗೆರೆಯಿಂದ 30 ಸೆಂ.ಮೀ. ಆಚೆ ನಿಂತರೆ, ಗಾಡಿ 10 ಡಿಗ್ರಿ ವಾಲಿದಷ್ಟೇ ಭಾರ ನಿಮ್ಮ ಎಡಗಾಲಿಗೆ ಬರುತ್ತದೆ. ಗಾಡಿ ಇನ್ನೂ ನೆಟ್ಟಗೇ ಇದ್ದಾಗಲೂ! ಅವರ ತಪ್ಪೇನಿಲ್ಲ, ಸ್ಪ್ಲೆಂಡರ್‌ನಿಂದಲೂ ಹಾಗೇ ಇಳಿದವರು. ನೀವು ಎರಡೂ ಕಾಲು ಗಟ್ಟಿಯಾಗಿ ಊರಿ, ಹ್ಯಾಂಡಲ್ ನೆಟ್ಟಗೆ ಇಟ್ಟು, ಮುಂದಿನ ಬ್ರೇಕ್ ಹಿಡಿದು, "ಹೂಂ, ಈಗ ಇಳಿ ಅವ್ವಾ" ಅನ್ನುವವರೆಗೆ ಅವರು ಅಲುಗಾಡಬಾರದು. ಹತ್ತುವಾಗಲೂ ಅಷ್ಟೇ. ಅಂಗಳದಲ್ಲಿ ಕಟ್ಟೆ ಇದ್ದರೆ ಗಾಡಿಯ ಎಡಮಗ್ಗುಲು ಅದಕ್ಕೆ ಹತ್ತಿಸಿ ನಿಲ್ಲಿಸಿ, ಅವರು ನೇರ ಕಟ್ಟೆಗೇ ಕಾಲಿಡಲಿ. ಶನಿವಾರ ನುಗ್ಗಿಕೇರಿ ಹನುಮಪ್ಪನ ಗುಡಿ ಮುಂದೆ ನಿಂತು ನೋಡಿ, ಹೀಗೆ ಹೇಳದೇ ಕೇಳದೇ ಜಿಗಿಯುವವರಿಂದ ಎಷ್ಟು ಗಾಡಿ ತೂಗಾಡುತ್ತವೆ ಅಂತ.

ನಾಲ್ಕನೇ ಸಲ ನೀವು ಬೀಳುವುದು ಎಲ್ಲಿ ಅಂತಲೂ ಹೇಳಿಬಿಡುತ್ತೇನೆ: ಸೈಡ್ ಸ್ಟ್ಯಾಂಡ್. ನಮ್ಮ ಎರೆಮಣ್ಣು ಒಣಗಿದಾಗ ಕಲ್ಲು, ಒಂದು ಮಳೆ ಬಿದ್ದರೆ ಬೆಣ್ಣೆ. ಬೆಳಿಗ್ಗೆ ಗಟ್ಟಿ ಇದ್ದ ನೆಲದಲ್ಲಿ ನಿಲ್ಲಿಸಿ ಒಳಗೆ ಹೋಗುತ್ತೀರಿ, ಮಳೆ ಬರುತ್ತದೆ, ಸ್ಟ್ಯಾಂಡ್ ಮೆಲ್ಲಗೆ ಇಳಿಯುತ್ತದೆ. ಒಂದು ಚಪ್ಪಟೆ ಕಲ್ಲೋ, ಹಲಗೆ ತುಂಡೋ ಕೆಳಗೆ ಇಡಿ. ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿದರೆ ಗಾಡಿ ಮುಂದೆ ಉರುಳಿ ಸ್ಟ್ಯಾಂಡ್ ಮಡಚಿಕೊಳ್ಳುತ್ತದೆ. ಮೂತಿ ಮೇಲಕ್ಕಿರಲಿ, ಫಸ್ಟ್ ಗಿಯರ್‌ನಲ್ಲಿರಲಿ. ಸ್ಟ್ಯಾಂಡ್ ಪೂರ್ತಿ ಮುಂದಕ್ಕೆ ಹೋಯಿತೇ ಅಂತ ಇಳಿಯುವ ಮುಂಚೆ ಕಾಲಲ್ಲಿ ಇನ್ನೊಮ್ಮೆ ಒತ್ತಿ. ಪೆಟ್ರೋಲ್ ಪಂಪಿನಲ್ಲಿ, ಹಿಂದೆ ಹತ್ತು ಗಾಡಿ ಹಾರ್ನ್ ಹೊಡೆಯುತ್ತಿರುವಾಗ, ಇದನ್ನೇ ಮರೆಯುವುದು.

ಬಿದ್ದರೆ ಏನು ಮಾಡಬೇಕು? ಮೊದಲು, ಬೀಳುತ್ತಿದೆ ಅಂತ ಖಾತ್ರಿಯಾದರೆ ಬಿಟ್ಟುಬಿಡಿ. ಕಾಲು ಒಳಗೆ ಕೊಟ್ಟು ತಡೆಯಬೇಡಿ. ಲಿವರ್ ಅಂಗಡಿಯಲ್ಲಿ ಸಿಗುತ್ತದೆ, ಮೊಣಕಾಲು ಸಿಗುವುದಿಲ್ಲ. ನನ್ನ ಅನುಭವದಲ್ಲಿ ಇಂಥ ಬೀಳುವಿಕೆಯಲ್ಲಿ ಆಗುವ ನೋವಿಗಿಂತ, ಯಾರಾದರೂ ನೋಡಿಯಾರು ಅಂತ ಗಡಿಬಿಡಿಯಲ್ಲಿ ಒಂಟಿಯಾಗಿ ಎತ್ತುವಾಗ ಹಿಡಿದುಕೊಳ್ಳುವ ಸೊಂಟದ ನೋವೇ ಜಾಸ್ತಿ. ಎದ್ದು ನಿಲ್ಲಿ. ಎಂಜಿನ್ ಆಫ್ ಮಾಡಿ, ಚಾವಿ ತಿರುಗಿಸಿ. ಟ್ಯಾಂಕ್ ಮುಚ್ಚಳದಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿದೆಯಾ ನೋಡಿ, ಸಹಾಯಕ್ಕೆ ಓಡಿ ಬಂದವರ ಬಾಯಲ್ಲಿ ಬೀಡಿ ಇದ್ದರೆ ದೂರ ಕಳಿಸಿ. ನಗಬೇಡಿ, ನಾನು ಕಂಡಿದ್ದೇನೆ. ಸೈಲೆನ್ಸರ್ ಕಾಲಿಗೆ ತಾಗಿ ಸುಟ್ಟಿದ್ದರೆ ಇಪ್ಪತ್ತು ನಿಮಿಷ ತಣ್ಣೀರು ಹರಿಸಿ. ಪೇಸ್ಟ್ ಬೇಡ, ಐಸ್ ಬೇಡ.

ಇಬ್ಬರಿದ್ದರೆ ಎತ್ತುವುದು ಸುಲಭ. ಒಬ್ಬರೇ ಇದ್ದರೆ ಗಾಡಿಗೆ ಬೆನ್ನು ಮಾಡಿ ನಿಲ್ಲಿ. ಗಾಡಿ ಯಾವ ಕಡೆ ಬಿದ್ದಿದೆಯೋ ಆ ಕಡೆಗೆ ಹ್ಯಾಂಡಲ್ ಪೂರ್ತಿ ತಿರುಗಿಸಿ. ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡ್ ಮೊದಲೇ ತೆಗೆದಿಟ್ಟು ಗಿಯರ್ ಹಾಕಿ, ಇಲ್ಲದಿದ್ದರೆ ಎತ್ತಿದ ಹುಮ್ಮಸ್ಸಿನಲ್ಲಿ ಆಚೆ ಕಡೆಗೆ ಕೆಡವುತ್ತೀರಿ. ಕುಂಡಿಯನ್ನು ಸೀಟಿನ ಅಂಚಿಗೆ ಆನಿಸಿ ತಗ್ಗಿ ಕೂತುಕೊಳ್ಳಿ. ಒಂದು ಕೈ ಕೆಳಗಿನ ಹಿಡಿಕೆಗೆ, ಇನ್ನೊಂದು ಹಿಂದಿನ ಕಂಬಿಗೆ. ಬೆನ್ನು ನೆಟ್ಟಗೆ, ಸಣ್ಣ ಸಣ್ಣ ಹೆಜ್ಜೆ ಹಿಂದಕ್ಕೆ. ಕಾಲು ಎತ್ತಬೇಕು, ಸೊಂಟ ಎತ್ತಬಾರದು. ಎತ್ತಿದ ಕೂಡಲೇ ಸ್ಟಾರ್ಟ್ ಮಾಡಬೇಡಿ, ಐದು ನಿಮಿಷ ಬಿಡಿ, ಆಯಿಲ್ ಕೆಳಗಿಳಿಯಲಿ. ಇಂಜೆಕ್ಷನ್ ಗಾಡಿಗಳಲ್ಲಿ ಬಹಳಷ್ಟಕ್ಕೆ ವಾಲಿದ್ದನ್ನು ಗುರುತಿಸಿ ಪೆಟ್ರೋಲ್ ನಿಲ್ಲಿಸುವ ಸೆನ್ಸರ್ ಇರುತ್ತದೆ. ಸ್ಟಾರ್ಟ್ ಆಗದಿದ್ದರೆ ಗಾಬರಿ ಬೇಡ, ಚಾವಿ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಹೊರಡುವ ಮುಂಚೆ ಬ್ರೇಕ್ ಲಿವರ್, ಬ್ರೇಕ್ ಪೆಡಲ್, ಗಿಯರ್ ಪೆಡಲ್ ಸೊಟ್ಟಾಗಿ ಎಲ್ಲಾದರೂ ಸಿಕ್ಕಿಕೊಂಡಿವೆಯಾ ನೋಡಿ.

ಲಿವರ್ ಉಳಿಸಲು ಗ್ಯಾರೇಜಿನವರ ಒಂದು ಉಪಾಯ ಇದೆ. ಲಿವರ್ ಹಿಡಿದಿರುವ ಕ್ಲ್ಯಾಂಪಿನ ಬೋಲ್ಟನ್ನು ಕಲ್ಲಿನ ಹಾಗೆ ಬಿಗಿಸಬೇಡಿ. ಓಡಿಸುವಾಗ ಅಲುಗಬಾರದು, ಆದರೆ ಕೈಯಿಂದ ಜೋರಾಗಿ ಹೊಡೆದರೆ ಹ್ಯಾಂಡಲ್ ಸುತ್ತ ತಿರುಗಬೇಕು, ಅಷ್ಟು. ಬಿದ್ದಾಗ ಮುರಿಯುವ ಬದಲು ತಿರುಗಿಕೊಳ್ಳುತ್ತದೆ. ಲೆಗ್ ಗಾರ್ಡ್ ಇಲ್ಲದಿದ್ದರೆ ಹಾಕಿಸಿ. ಇಷ್ಟಕ್ಕೆಲ್ಲ ಇನ್ಶೂರೆನ್ಸ್ ಕ್ಲೇಮ್ ಮಾಡಲು ಹೋಗಬೇಡಿ. ಒಂದು ವರ್ಷ ಕ್ಲೇಮ್ ಇಲ್ಲದಿದ್ದರೆ ನಿಮ್ಮ ಗಾಡಿಯ ಡ್ಯಾಮೇಜ್ ಪ್ರೀಮಿಯಂನಲ್ಲಿ 20% ರಿಯಾಯಿತಿ ಇದೆ, ಐದು ವರ್ಷಕ್ಕೆ ಅದು 50%ಗೆ ಹೋಗುತ್ತದೆ. ಒಂದು ಲಿವರ್‌ಗಾಗಿ ಅದನ್ನು ಕಳೆದುಕೊಳ್ಳುವುದು ಲೆಕ್ಕಕ್ಕೆ ಬರುವುದಿಲ್ಲ.

ಸೀಟಿನ ಬಗ್ಗೆ ಕೇಳಿದ್ದೀರಿ. ಸ್ಪ್ಲೆಂಡರ್ ಸೀಟು 785 ಮಿ.ಮೀ., ನಿಮ್ಮದು 805. ವ್ಯತ್ಯಾಸ ಎರಡೇ ಸೆಂಟಿಮೀಟರ್. ನಿಮ್ಮ ಕಾಲು ಗಿಡ್ಡ ಮಾಡುತ್ತಿರುವುದು ಎತ್ತರಕ್ಕಿಂತ ಸೀಟಿನ ಅಗಲ, ತೊಡೆ ಅಗಲವಾದಷ್ಟೂ ಹಿಮ್ಮಡಿ ಮೇಲೇಳುತ್ತದೆ. ನಿಲ್ಲುವಾಗ ಸ್ವಲ್ಪ ಮುಂದೆ, ಟ್ಯಾಂಕಿನ ಹತ್ತಿರ ಸರಿದು ಕೂರಿ, ಅಲ್ಲಿ ಸೀಟು ಕಿರಿದು. ಎರಡೂ ತುದಿಗಾಲು ಊರುವ ಬದಲು ಕುಂಡಿ ಸ್ವಲ್ಪ ಎಡಕ್ಕೆ ಸರಿಸಿ ಎಡಗಾಲು ಪೂರ್ತಿ ಊರಿ. ಚಪ್ಪಲಿ ಬಿಟ್ಟು ದಪ್ಪ ರಬ್ಬರ್ ಅಡಿಯ ಬೂಟು ಹಾಕಿ. ಎರಡು ತಿಂಗಳು ಹೀಗೆ ಓಡಿಸಿ, ಆಮೇಲೂ ಕಷ್ಟ ಅನ್ನಿಸಿದರೆ ಸೀಟಿನವರ ಹತ್ತಿರ ಫೋಮ್ ಕೊರೆಸೋಣ. ಸ್ಪಂಜು ತೆಳುವಾದರೆ ಬೆಳಗಾವಿಗೆ ಹೋಗಿ ಬರುವಷ್ಟರಲ್ಲಿ ಗೊತ್ತಾಗುತ್ತದೆ, ಅದಕ್ಕೇ ಮೊದಲೇ ಬೇಡ ಅಂದದ್ದು.

ನಾಲ್ಕು ಭಾನುವಾರ, ಬೆಳಿಗ್ಗೆ ಅರ್ಧ ಗಂಟೆ, ನಿಮ್ಮ ಸಾಲಿ ಮೈದಾನಕ್ಕೆ ಹೋಗಿ. ಹೆಡ್‌ಮಾಸ್ತರರನ್ನು ಒಂದು ಮಾತು ಕೇಳಿ. ಟ್ಯಾಂಕ್ ಅರ್ಧ ಇರಲಿ. ಮೊದಲ ದಿನ ಬರೀ ನಿಲ್ಲಿಸುವುದು. ಒಂದು ಇಟ್ಟಿಗೆ ಇಟ್ಟು, ಅದರ ಬಾಜೂ ಎಡಗಾಲು ಬೀಳುವಂತೆ ಐವತ್ತು ಸಲ ನಿಲ್ಲಿಸಿ. ಕೊನೆಯ ಎರಡು ಮೀಟರ್ ಹ್ಯಾಂಡಲ್ ನೆಟ್ಟಗೆ, ಕಣ್ಣು ಮೇಲೆ. ಎರಡನೇ ದಿನ ಸ್ಲೋ ರೇಸ್: ಫಸ್ಟ್ ಗಿಯರ್, ಹಾಫ್ ಕ್ಲಚ್, ಹಿಂದಿನ ಬ್ರೇಕ್. 20 ಮೀಟರ್ ದಾಟಲು ಎಷ್ಟು ಹೊತ್ತು ಹಿಡಿಯಬಲ್ಲಿರಿ ನೋಡಿ. ಕೈ ನೋಯುತ್ತದೆ, ಕ್ಲಚ್ ಬಿಸಿಯಾಗುತ್ತದೆ, ನಡುನಡುವೆ ಬಿಡಿ. ಉಳಿದ ಎರಡು ದಿನ 8 ಹಾಕಿ. ಲೈಸೆನ್ಸಿಗೆ ಅಂತ ಒಮ್ಮೆ ಹಾಕಿ ಮರೆತದ್ದು ಅದು. ಮೊದಲು ದೊಡ್ಡದು, ಮೆಲ್ಲಗೆ ಚಿಕ್ಕದು.

ಇನ್ನು ಹತ್ತನೇ ಕ್ಲಾಸಿನ ಹುಡುಗರು. ಅವರಿಗೆ ಹೇಗೂ ತ್ರಿಕೋನಮಿತಿ ಇದೆ. ಮೇಲೆ ಕೊಟ್ಟ ಲೆಕ್ಕವನ್ನು ಬೋರ್ಡ್ ಮೇಲೆ ಹಾಕಿ: 195, ಅರ್ಧ ಮೀಟರ್, ಸೈನ್ 30. ನಗುತ್ತಾರೆ, ನಗಲಿ. ಪರೀಕ್ಷೆಯಲ್ಲಿ ಸೈನ್ 30 ಎಷ್ಟು ಅಂತ ಕೇಳಿದರೆ ಕೊನೇ ಬೆಂಚಿನವನೂ ಗೇಟ್ ನೆನೆಸಿಕೊಂಡು ಅರ್ಧ ಅಂತ ಬರೆದು ಬರುತ್ತಾನೆ.